ಮಾರ್ಚ್ 15ರಂದು ಹುಟ್ಟುಕುರುಡನ ಅಧ್ಯಾಯವನ್ನು ಪೂರ್ತಿ ಓದಿ

ಮಾನ್ಯ ಸಂಪಾದಕರೇ,

ವಿಭೂತಿ ಬುಧವಾರದ ಮರುದಿನ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಳ್ಳಲು ಜನ ಸಾಲಾಗಿ ನಿಂತಿದ್ದರು. ಕೆಳಗೆ ‘ಕ್ರೈಸ್ತರ ನಲವತ್ತು ದಿನಗಳ ಉಪವಾಸ ಆರಂಭ’ ಎಂದಿತ್ತು. ಹಾಕಿದ್ದಕ್ಕೆ ಸಂತೋಷ. ಅವತ್ತಿನಿಂದ ನಮ್ಮ ಕೇರಿಯಲ್ಲಿ ನನಗೆ ಇದೇ ಪ್ರಶ್ನೆ. ಪಕ್ಕದ ಮನೆಯ ಭಟ್ಟರ ಹೆಂಡತಿ ಬೇಲಿ ಹತ್ತಿರ ನಿಲ್ಲಿಸಿ, “ಸಿಸ್ಟರ್, ನಲವತ್ತು ದಿನ ನೀವು ಎಂತದೂ ತಿನ್ನುವುದಿಲ್ವಾ?” ಎಂದು ಕೇಳಿದರು. ಈ ಸಲ ರಂಜಾನ್ ಉಪವಾಸವೂ ಅದೇ ವಾರ ಶುರುವಾಗಿದ್ದರಿಂದ ಎರಡೂ ಒಂದೇ ರೀತಿ ಇರಬಹುದು ಅಂತ ಅವರಿಗೆ ಅನ್ನಿಸಿತ್ತು.

ಹಾಗಲ್ಲ. ಫೆಬ್ರವರಿ 18ರ ಬುಧವಾರದಿಂದ ಏಪ್ರಿಲ್ 5ರ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ಲೆಕ್ಕ ಹಾಕಿದರೆ 46 ದಿನ ಆಗುತ್ತದೆ. ಭಾನುವಾರಗಳನ್ನು ಬಿಟ್ಟರೆ ನಲವತ್ತು. ಇದನ್ನು ನಾವು ತಪಸ್ಸುಕಾಲ ಎನ್ನುತ್ತೇವೆ. ನಮ್ಮ ಕಥೋಲಿಕ ಸಭೆಯ ನಿಯಮದಲ್ಲಿ ಕಡ್ಡಾಯ ಉಪವಾಸ ಇರುವುದು ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ). ಅವತ್ತೂ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು, ಉಳಿದೆರಡು ಹೊತ್ತು ಸ್ವಲ್ಪವೇ ತಿನ್ನಬೇಕು. ಅದು 18ರಿಂದ 59 ವರ್ಷದವರಿಗೆ. ಶುಕ್ರವಾರಗಳಲ್ಲಿ ಮಾಂಸ ಬಿಡುತ್ತೇವೆ. ಪೂರ್ತಿ ತಪಸ್ಸುಕಾಲ ಮೀನು, ಮಾಂಸ, ಕುಡಿತ ಎಲ್ಲ ಬಿಡುವವರು ನಮ್ಮ ಮಲೆನಾಡಿನ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ನನಗೆ ಅರವತ್ತು ದಾಟಿದೆ, ಕಡ್ಡಾಯ ಇಲ್ಲ. ಆದರೂ ರೂಢಿ ಬಿಟ್ಟಿಲ್ಲ.

ಊಟದ ಮಾತು ಇಷ್ಟು ಸಾಕು. ಬೂದಿ ಹಚ್ಚುವಾಗ ಗುರುಗಳು ಹೇಳುವ ಮಾತು ಎರಡು. ಒಂದು, ಮಣ್ಣಿನಿಂದ ಬಂದ ನೀನು ಮಣ್ಣಿಗೆ ಮರಳುವೆ ಎಂಬುದನ್ನು ನೆನೆ. ಇನ್ನೊಂದು, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು (ಬೈಬಲಿನಲ್ಲಿ ಯೇಸುವಿನ ಬದುಕು, ಬೋಧನೆ ಇರುವ ಭಾಗವನ್ನು) ನಂಬು. ಈ ಎರಡರಲ್ಲಿ ಒಂದನ್ನು ಹೇಳುತ್ತಾರೆ. ಎರಡನೆಯದನ್ನು ಕೇಳುವಾಗಲೆಲ್ಲ ನನಗೆ ಒಂದು ವಿಷಯ ಕಾಡುತ್ತದೆ. ಪಶ್ಚಾತ್ತಾಪ ಎಂದ ಕೂಡಲೇ ನಾವು ಮಾಡಿದ ಕೆಲಸಗಳನ್ನು ನೆನೆಯುತ್ತೇವೆ. ಸುಳ್ಳು ಹೇಳಿದ್ದು, ಜಗಳ ಆಡಿದ್ದು, ಪೂಜೆ ತಪ್ಪಿಸಿದ್ದು. ನಮ್ಮ ನಂಬಿಕೆಯನ್ನೇ ಹೊರಗೆ ತೆಗೆದು ಬೆಳಕಿನಲ್ಲಿ ಹಿಡಿದು ನೋಡುವುದು ಬಹಳ ಕಡಿಮೆ. ದೇವರ ಬಗ್ಗೆ ನಾವು ಹೇಳುವ ಮಾತುಗಳಲ್ಲಿ ಯಾವುದು ನಿಜವಾಗಿಯೂ ಶುಭಸಂದೇಶದ್ದು, ಯಾವುದು ಊರಿನ ಬಾಯಿಂದ ಬಂದು ಸೇರಿಕೊಂಡಿದ್ದು ಎಂದು ಕೇಳಿಕೊಳ್ಳುವುದು ಇನ್ನೂ ಕಡಿಮೆ. ಈ ಪತ್ರ ಅಂಥ ಒಂದು ನಂಬಿಕೆಯ ಬಗ್ಗೆ. ಕಾಯಿಲೆ, ಕುರುಡು, ಕಿವುಡು ಇವೆಲ್ಲ ಯಾರದೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎನ್ನುವ ನಂಬಿಕೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಸೇವೆಯ ಹೆಚ್ಚಿನ ಪಾಲು ಕಣ್ಣಿನ ವಾರ್ಡಿನಲ್ಲಿ, ಕಣ್ಣಿನ ಕ್ಯಾಂಪುಗಳಲ್ಲಿ ಕಳೆಯಿತು. ಸಾಗರ, ಹೊಸನಗರ, ಸೊರಬದ ಕಡೆಯ ಹಳ್ಳಿಗಳಿಂದ ಜೀಪಿನಲ್ಲಿ ತುಂಬಿಕೊಂಡು ಬಂದ ಅಜ್ಜ ಅಜ್ಜಿಯರಿಗೆ ಪೊರೆ ಆಪರೇಷನ್ ಆಗುವಾಗ ಪಕ್ಕದಲ್ಲಿ ಇದ್ದೆ. ಮಾರನೇ ದಿನ ಪಟ್ಟಿ ಬಿಚ್ಚುವ ಕೆಲಸ ನಮ್ಮದು. ಪಟ್ಟಿ ಬಿಚ್ಚಿದ ಮೇಲೆ ಮೊದಲು ನಮ್ಮ ಮುಖ ನೋಡಿ, ಆಮೇಲೆ ತಮ್ಮದೇ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವವರನ್ನು ಎಷ್ಟು ಸಲ ಕಂಡರೂ ಬೇಸರ ಬಂದದ್ದಿಲ್ಲ. ವಯಸ್ಸಾದವರ ಪೊರೆಗೆ ಯಾರೂ ಪಾಪ ಪುಣ್ಯ ಹುಡುಕುವುದಿಲ್ಲ. ವಯಸ್ಸಾಯಿತು, ಬಂತು ಎನ್ನುತ್ತಾರೆ. ಅದೇ ಪೊರೆ ತೊಟ್ಟಿಲ ಕೂಸಿನ ಕಣ್ಣಿನಲ್ಲಿ ಕಂಡರೆ ಮನೆಯ ಮಾತೇ ಬೇರೆ ಆಗುತ್ತದೆ. ತಾಯಿ ಗ್ರಹಣದ ದಿನ ಹೊರಗೆ ಬಂದಿದ್ದಳಂತೆ. ಅಪ್ಪ ಹಾವು ಹೊಡೆದಿದ್ದನಂತೆ. ಅಜ್ಜ ಯಾರಿಗೋ ಮೋಸ ಮಾಡಿದ್ದನಂತೆ. ಕ್ರೈಸ್ತರ ಮನೆಯಾದರೆ ಗ್ರಹಣ, ಹಾವು ಎರಡೂ ಇರುವುದಿಲ್ಲ. ಪಾಪ ಒಂದು ಇದ್ದೇ ಇರುತ್ತದೆ.

ಈ ವರ್ಷ ವಿಭೂತಿ ಬುಧವಾರ ಸಂಜೆ ಬಲಿಪೂಜೆ ಮುಗಿದು ಹೊರಗೆ ಬಂದಾಗ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಚೊಚ್ಚಲು ಮಗು. ಎಡಗಣ್ಣಿನ ಪಾಪೆಯ ನಡುವೆ ಬೆಳ್ಳಗೆ ಇತ್ತು. ದೂರದಿಂದಲೇ ಕಾಣುತ್ತಿತ್ತು. ಯಾರಿಗೆ ತೋರಿಸಿದಿರಿ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಯಾಕೆ ಎಂದರೆ ಅತ್ತೆಯ ಮುಖ ನೋಡಿದಳು. ಅತ್ತೆ ಕೆಟ್ಟವರಲ್ಲ. ಮೊಮ್ಮಗುವಿನ ಮೇಲೆ ಜೀವ ಇಟ್ಟುಕೊಂಡವರು. ಊರೂರಿಗೆ ಬಂದು ಪ್ರಾರ್ಥನೆ ಮಾಡಿಸುವ ಒಬ್ಬರು ಮನೆಗೆ ಬಂದಿದ್ದರಂತೆ. “ಈ ಮನೆಯಲ್ಲಿ ಯಾರೋ ಮುಚ್ಚಿಟ್ಟ ಪಾಪ ಇದೆ. ಅದನ್ನು ಒಪ್ಪಿಕೊಳ್ಳುವವರೆಗೆ ಕಣ್ಣು ತೆರೆಯುವುದಿಲ್ಲ. ತಪಸ್ಸುಕಾಲ ಪೂರ್ತಿ ಉಪವಾಸ ಇರಿ, ಈಸ್ಟರ್ ಆದ ಮೇಲೆ ಬೇಕಾದರೆ ಆಸ್ಪತ್ರೆಗೆ ಹೋಗಿ” ಎಂದಿದ್ದರಂತೆ. ಆ ಹುಡುಗಿ ಹಾಲೂಡಿಸುವ ಬಾಣಂತಿ. ಅವಳು ಒಪ್ಪೊತ್ತು ಉಂಡು ಅಳುತ್ತಿದ್ದಳು.

ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಅದು ಒಬ್ಬರ ಮಾತಲ್ಲ. ನಾಲ್ಕು ಜನ ಹೌದು ಎಂದು ತಲೆ ಆಡಿಸಿದ್ದರಿಂದಲೇ ಅದು ಆ ಮನೆಯಲ್ಲಿ ನಿಂತಿದೆ.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ಓದುವವರಲ್ಲಿ ಯಾರಿಗಾದರೂ ನಾಳೆಯೇ ಬೇಕಾಗಬಹುದು.

ಹುಟ್ಟುವಾಗಲೇ ಬರುವ ಪೊರೆಗೆ ಕಾರಣಗಳು ಇವೆ. ಕೆಲವು ಮನೆತನಗಳಲ್ಲಿ ವಂಶದಿಂದ ಬರುತ್ತದೆ. ತಾಯಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು ಬೀಳಬಹುದು. ದೊಡ್ಡವರಿಗೆ ರುಬೆಲ್ಲಾ ಎಂದರೆ ಸಣ್ಣ ಜ್ವರ, ಮೈಮೇಲೆ ನಾಲ್ಕು ದದ್ದು. ಎಷ್ಟೋ ಜನರಿಗೆ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಹಾಕಿದೆವು. ವಾಟ್ಸಾಪಿನಲ್ಲಿ ಹರಿದ ಸುಳ್ಳು ಸುದ್ದಿ ನಂಬಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡ ತಾಯಂದಿರ ಜೊತೆ ಕೂತು ಮಾತಾಡಿದ್ದು ನೆನಪಿದೆ. ಈಗ ಅದು ಮಾಮೂಲಿ ಲಸಿಕೆ ಪಟ್ಟಿಯಲ್ಲೇ ಇದೆ. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ, ಅದೂ ನಿಜ. ಕಾರಣ ಸಿಗದ ಕಡೆಗೆಲ್ಲ ಪಾಪವನ್ನು ತಂದು ಕೂರಿಸುತ್ತೇವೆ.

ಇಲ್ಲಿ ದಿನಗಳಿಗೆ ಬೆಲೆ ಇದೆ. ನೋಡುವುದನ್ನು ಕಣ್ಣು ಒಂದೇ ಮಾಡುವುದಿಲ್ಲ, ಮಿದುಳು ಕಲಿಯಬೇಕು. ಹುಟ್ಟಿದ ಮೊದಲ ವಾರಗಳಲ್ಲೇ ಆ ಕಲಿಕೆ ಶುರುವಾಗುತ್ತದೆ. ಪೊರೆ ದಟ್ಟವಾಗಿದ್ದು ಬೆಳಕು ಸರಿಯಾಗಿ ಒಳಗೆ ಹೋಗದಿದ್ದರೆ ಆ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಸೋಮಾರಿ ಕಣ್ಣು ಎನ್ನುತ್ತೇವಲ್ಲ, ಅದು. ಒಂದೇ ಕಣ್ಣಿನಲ್ಲಿ ದಟ್ಟ ಪೊರೆ ಇದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿನಲ್ಲಿ ಇದ್ದರೆ ಸುಮಾರು ಎರಡು ತಿಂಗಳೊಳಗೆ ಆಪರೇಷನ್ ಆದರೆ ಒಳ್ಳೆಯ ಫಲ ಸಿಗುತ್ತದೆ. ತಡವಾದರೆ ಪೊರೆ ತೆಗೆಯಬಹುದು, ಆದರೆ ದೃಷ್ಟಿ ಅಷ್ಟು ಬರುವುದಿಲ್ಲ. ಆಪರೇಷನ್ ಆದ ಮೇಲೂ ಕನ್ನಡಕ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ, ವರ್ಷಗಟ್ಟಲೆ ತಪಾಸಣೆ ಎಲ್ಲ ಇರುತ್ತದೆ. ಇಂಥ ಕೂಸಿನ ವಿಷಯದಲ್ಲಿ ನಲವತ್ತು ದಿನ ಕಾಯಿರಿ ಎನ್ನುವುದು ಎಷ್ಟು ದೊಡ್ಡ ಮಾತು ಎಂದು ಆ ಹೇಳಿದವರಿಗೆ ಗೊತ್ತಿಲ್ಲದೆ ಇರಬಹುದು. ಆದರೆ ಕಳೆದು ಹೋದ ವಾರಗಳನ್ನು ಆ ಮಗುವಿಗೆ ಯಾರೂ ತಿರುಗಿ ಕೊಡಲಾರರು.

ಮೊಬೈಲಿನಲ್ಲಿ ಫ್ಲಾಶ್ ಹಾಕಿ ಮಗುವಿನ ಫೋಟೊ ತೆಗೆದಾಗ ಪಾಪೆ ಕೆಂಪಗೆ ಹೊಳೆದರೆ ಹೆದರಬೇಕಾಗಿಲ್ಲ. ಒಂದು ಪಾಪೆ ಮತ್ತೆ ಮತ್ತೆ ಬೆಳ್ಳಗೆ ಕಂಡರೆ ಮಾತ್ರ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅದು ಪೊರೆ ಇರಬಹುದು. ಅಪರೂಪಕ್ಕೆ ಮಕ್ಕಳ ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು, ಅದರಲ್ಲಿ ಪ್ರಾಣದ ಮಾತೇ ಬರುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರಲ್ಲಿ ಹುಟ್ಟಿನ ಪೊರೆಯನ್ನೂ ಪತ್ತೆ ಮಾಡಿ ಚಿಕಿತ್ಸೆಗೆ ಕಳಿಸುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಸಾಕು, ದಾರಿ ತೋರಿಸುತ್ತಾರೆ.

ಇನ್ನು ನಂಬಿಕೆಯ ಮಾತಿಗೆ ಬರುತ್ತೇನೆ.

ನಮ್ಮ ದೇವಾಲಯಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಸರದಿಯಲ್ಲಿ ಬರುತ್ತವೆ. ಈ ವರ್ಷದ ಸರದಿಯಲ್ಲಿ ತಪಸ್ಸುಕಾಲದ ನಾಲ್ಕನೇ ಭಾನುವಾರ, ಅಂದರೆ ಮಾರ್ಚ್ 15ರಂದು, ಯೊವಾನ್ನನ ಶುಭಸಂದೇಶದ ಒಂಬತ್ತನೇ ಅಧ್ಯಾಯ. ಹುಟ್ಟುಕುರುಡನ ಕಥೆ. ಕಣ್ಣಿನ ವಾರ್ಡಿನಲ್ಲಿ ಇದ್ದವಳಿಗೆ ಅದು ಮನೆಯ ಕಥೆಯ ಹಾಗೆ. ಶಿಷ್ಯರು ದಾರಿಯಲ್ಲಿ ಒಬ್ಬ ಹುಟ್ಟುಕುರುಡನನ್ನು ನೋಡುತ್ತಾರೆ. ನೋಡಿದ ಕೂಡಲೇ ಅವರ ಬಾಯಿಂದ ಬಂದ ಮೊದಲ ಪ್ರಶ್ನೆ: ಪಾಪ ಮಾಡಿದ್ದು ಯಾರು, ಇವನೋ ಇವನನ್ನು ಹೆತ್ತವರೋ? ಅವನ ಹೆಸರು ಕೇಳಲಿಲ್ಲ. ಊಟ ಆಯಿತಾ ಎಂದು ಕೇಳಲಿಲ್ಲ. ಯೇಸು ಹೇಳಿದ್ದು ನೇರವಾಗಿದೆ. ಇವನೂ ಅಲ್ಲ, ಹೆತ್ತವರೂ ಅಲ್ಲ. ಆಮೇಲೆ ನೆಲಕ್ಕೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೋ ಎಂದರು. ಆ ಕೊಳದ ಮೆಟ್ಟಿಲುಗಳು 2004ರಲ್ಲಿ ಜೆರುಸಲೇಮಿನಲ್ಲಿ ಕೊಳವೆ ರಿಪೇರಿಗೆ ಅಗೆಯುವಾಗ ಸಿಕ್ಕವು. ಅದನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು.

ಆದರೆ ಆ ಅಧ್ಯಾಯದ ಮುಖ್ಯ ಭಾಗ ಕಣ್ಣು ಬಂದ ಮೇಲೆ ಶುರುವಾಗುತ್ತದೆ. ಅಕ್ಕಪಕ್ಕದವರಿಗೆ ಅವನೇ ಇವನು ಎಂದು ಒಪ್ಪಲು ಆಗುವುದಿಲ್ಲ. ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಹಿಡಿಯುವ ಯೆಹೂದ್ಯ ಪಂಗಡದವರಾದ ಫರಿಸಾಯರು ಕರೆಸಿ ವಿಚಾರಣೆ ಮಾಡುತ್ತಾರೆ. ಕೆಲಸ ಮಾಡಬಾರದ ಸಬ್ಬತ್ ದಿನ ಕೆಸರು ಮಾಡಿದ್ದು ಸರಿಯಾ ಎನ್ನುವುದು ಅವರ ಚಿಂತೆ. ಅಪ್ಪ ಅಮ್ಮನನ್ನು ಕರೆಸುತ್ತಾರೆ. ಅವರು ಹೆದರುತ್ತಾರೆ. ಇವನು ನಮ್ಮ ಮಗ, ಕುರುಡನಾಗಿ ಹುಟ್ಟಿದ್ದು ನಿಜ, ಮಿಕ್ಕಿದ್ದನ್ನು ಅವನನ್ನೇ ಕೇಳಿ ಎಂದು ಹಿಂದೆ ಸರಿಯುತ್ತಾರೆ. ಸಭಾಮಂದಿರದಿಂದ ಹೊರಗೆ ಹಾಕುತ್ತಾರೆ ಎಂಬ ಭಯ. ಆ ತಂದೆ ತಾಯಿಯನ್ನು ನಾನು ವಾರ್ಡಿನಲ್ಲಿ ಬಹಳ ಸಲ ನೋಡಿದ್ದೇನೆ. ಊರು ಏನನ್ನುತ್ತದೋ ಎಂದು ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಂದವರು.

ಆ ಮನುಷ್ಯನನ್ನು ನೋಡಿ. ಯಾರು ನಿನ್ನ ಕಣ್ಣು ತೆರೆದದ್ದು ಎಂದು ಮೊದಲು ಕೇಳಿದಾಗ, ಯೇಸು ಎಂಬ ಒಬ್ಬ ಮನುಷ್ಯ ಎನ್ನುತ್ತಾನೆ. ಎರಡನೇ ಸಲ ಕೇಳಿದಾಗ, ಅವರು ಪ್ರವಾದಿ ಎನ್ನುತ್ತಾನೆ. ಇನ್ನೂ ಒತ್ತಾಯ ಮಾಡಿದಾಗ, ದೇವರಿಂದ ಬರದಿದ್ದರೆ ಅವರಿಗೆ ಇದು ಸಾಧ್ಯವೇ ಎಂದು ತಿರುಗಿ ಕೇಳುತ್ತಾನೆ. ಕೊನೆಗೆ, ಪ್ರಭುವೇ ನಂಬುತ್ತೇನೆ ಎನ್ನುತ್ತಾನೆ. ಒಂದೇ ಅಧ್ಯಾಯದಲ್ಲಿ ಅವನ ನಂಬಿಕೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಾ ಹೋಗುತ್ತದೆ. ಪ್ರಶ್ನೆ ಕೇಳಿದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. ವಿಚಾರಣೆ ಮಾಡಿದವರು ಮಾತ್ರ ಶುರುವಿನಲ್ಲಿ ನಿಂತ ಕಡೆಯೇ ನಿಂತರು. ನೀನು ಪೂರ್ತಿ ಪಾಪದಲ್ಲೇ ಹುಟ್ಟಿದವನು, ನೀನು ನಮಗೆ ಬುದ್ಧಿ ಹೇಳುತ್ತೀಯಾ ಎಂದು ಅವನನ್ನು ಹೊರಗೆ ಹಾಕಿದರು. ಯೇಸು ಇಲ್ಲ ಎಂದ ಮಾತನ್ನೇ ಅವರು ಹಿಡಿದುಕೊಂಡಿದ್ದರು.

ಈ ಪತ್ರ ಓದಿ ನಮ್ಮವರೇ ಕೆಲವರು, ಬೈಬಲಿನಲ್ಲಿ ಬೇರೆ ರೀತಿಯೂ ಇದೆಯಲ್ಲ ಎನ್ನುತ್ತಾರೆ. ಇದೆ. ವಿಮೋಚನಾಕಾಂಡದ ಇಪ್ಪತ್ತನೇ ಅಧ್ಯಾಯದಲ್ಲಿ ಹೆತ್ತವರ ದೋಷಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ದಂಡನೆ ಎಂಬ ಮಾತಿದೆ. ಯೊವಾನ್ನನ ಐದನೇ ಅಧ್ಯಾಯದಲ್ಲಿ ಗುಣವಾದ ರೋಗಿಗೆ ಯೇಸು, ಇನ್ನು ಪಾಪ ಮಾಡಬೇಡ, ಇದಕ್ಕಿಂತ ಕೆಟ್ಟದ್ದು ಬಂದೀತು ಎಂದದ್ದೂ ಇದೆ. ಮನೆಗೆ ಬಂದ ಆ ಪ್ರಾರ್ಥನೆಯವರು ಇದನ್ನೇ ಓದಿದ್ದರಂತೆ. ಒಬ್ಬ ಬೆಳೆದ ಮನುಷ್ಯನ ಎದುರು ನಿಂತು, ಅವನನ್ನು ತಿಳಿದು ಹೇಳಿದ ಮಾತು ಅದು. ತೊಟ್ಟಿಲ ಕೂಸಿನ ಮೇಲೆ ಅದನ್ನು ಓದಲು ನಮಗೆ ಯಾರು ಅಧಿಕಾರ ಕೊಟ್ಟರು?

ಮೊದಲಿನ ಮಾತಿಗೆ ಬೈಬಲೇ ಉತ್ತರ ಕೊಡುತ್ತದೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಜುಮ್ಮೆಂದವು ಎಂಬ ಗಾದೆ ಆ ಜನರಲ್ಲಿ ಇತ್ತು. ಇನ್ನು ಮೇಲೆ ಈ ಗಾದೆಯನ್ನು ಹೇಳಬೇಡಿ ಎಂದು ದೇವರೇ ಹೇಳುವುದು ಎಜೆಕಿಯೇಲ ಪ್ರವಾದಿಯ ಹದಿನೆಂಟನೇ ಅಧ್ಯಾಯದಲ್ಲಿದೆ. ಅಪ್ಪನ ದೋಷವನ್ನು ಮಗ ಹೊರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಯೋಬನ ಗ್ರಂಥವನ್ನೇ ತೆಗೆದುಕೊಳ್ಳಿ. ಮಕ್ಕಳು ಸತ್ತು, ಮೈ ತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನಿಗೆ ಮೂವರು ಗೆಳೆಯರು ಮತ್ತೆ ಮತ್ತೆ ಹೇಳುವುದು ಒಂದೇ, ನೀನು ಏನೋ ಪಾಪ ಮಾಡಿರಬೇಕು. ಕೊನೆಯಲ್ಲಿ ದೇವರ ಸಿಟ್ಟು ಯಾರ ಮೇಲೆ ಬಂತು? ಆ ಗೆಳೆಯರ ಮೇಲೆ. ನನ್ನ ಬಗ್ಗೆ ನೀವು ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎನ್ನುತ್ತಾರೆ ದೇವರು. ದೇವರ ಪರವಾಗಿ ವಾದ ಮಾಡುತ್ತಿದ್ದೇವೆ ಎಂದುಕೊಂಡವರಿಗೇ ಬೈಗುಳ ಸಿಕ್ಕಿತು.

ಕಳೆದ ವರ್ಷದ ಸರದಿಯಲ್ಲಿ, ತಪಸ್ಸುಕಾಲದ ಮೂರನೇ ಭಾನುವಾರ, ಲೂಕನ ಹದಿಮೂರನೇ ಅಧ್ಯಾಯ ಓದಿದೆವು. ಅದೇ ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಎಂದು ಯೇಸು ಕೇಳಿ, ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಆಮೇಲೆ, ನೀವು ಪಶ್ಚಾತ್ತಾಪಪಡಿ ಎಂದು ಕೇಳುವವರ ಕಡೆಗೇ ಮಾತು ತಿರುಗಿಸಿದರು. ಎರಡು ತಪಸ್ಸುಕಾಲ, ಒಂದೇ ಸಿಲೋವ, ಒಂದೇ ಉತ್ತರ. ಇಷ್ಟಾದರೂ ನಮ್ಮ ಮನೆಗಳಲ್ಲಿ ಮಾತು ಬದಲಾಗಿಲ್ಲ ಎನ್ನುವುದು ನನ್ನ ದುಃಖ.

ಬರೀ ನಮ್ಮ ಮನೆಗಳಲ್ಲಿ ಎಂದು ಹೇಳಲಾರೆ. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆ ಹೊಡೆದಾಗ ಎಲ್ಲ ಧರ್ಮದವರ ಬಾಯಲ್ಲೂ ‘ಯಾವ ತಪ್ಪಿಗೋ’ ಎಂಬ ಮಾತು ಕೇಳಿದ್ದೇನೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಪತ್ತೆಯಾದ ವೈರಸ್ ಅದು. ಉಣುಗು ಕಚ್ಚಿ ಬರುವುದು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಹೇಳಿದರು. ತರಗೆಲೆ ಗುಡಿಸಿ ತರುವ, ಸೌದೆ ಒಟ್ಟುವ ಬಡವರಿಗೇ ಆ ಕಾಯಿಲೆ ಜಾಸ್ತಿ ಬಂತು. ತಪ್ಪು ಮಾಡಿದವರನ್ನು ಹುಡುಕಿಕೊಂಡು ಬರುವ ಕಾಯಿಲೆ ಆಗಿದ್ದರೆ ಅದು ಸೌದೆ ಹೊರುವ ಹೆಂಗಸಿನ ಕಾಲನ್ನೇ ಹುಡುಕುತ್ತಿತ್ತಾ? ಬೇರೆ ಧರ್ಮದವರ ನಂಬಿಕೆಯನ್ನು ಬಗೆಯುವುದು ನನ್ನ ಕೆಲಸ ಅಲ್ಲ. ಅದನ್ನು ಅವರೇ ನೋಡಿಕೊಳ್ಳಬೇಕು. ನನ್ನ ಮಾತು ನನ್ನ ಮನೆಯವರ ಜೊತೆ.

ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಅವರು ನಿಜವಾಗಿ ಕಳವಳಪಟ್ಟರು. “ಇವತ್ತು ಇದೊಂದನ್ನು ಪ್ರಶ್ನೆ ಮಾಡ್ತೀರಿ. ನಾಳೆ ಮಕ್ಕಳು ಎಲ್ಲವನ್ನೂ ಪ್ರಶ್ನೆ ಮಾಡ್ತಾರೆ. ಆಮೇಲೆ ದೇವಾಲಯಕ್ಕೆ ಬರುವವರು ಯಾರು?” ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಮೂರು ಮಕ್ಕಳಲ್ಲಿ ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಪೂಜೆಗೆ ಹೋಗುತ್ತಾರೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅಂಥ ಮನೆಯವರಿಗೆ ಯಾವ ಕಲ್ಲನ್ನೂ ಅಲುಗಿಸಬಾರದು ಅನ್ನಿಸುವುದು ಸಹಜ.

ಆದರೆ ನಮ್ಮ ಸಭೆ ತಾನೇ ಎಷ್ಟು ಸಲ ತನ್ನನ್ನು ನೋಡಿಕೊಂಡಿದೆ ಅಲ್ವಾ? ನನ್ನ ಅಮ್ಮ ಹುಡುಗಿಯಾಗಿದ್ದಾಗ ಪೂಜೆ ಲತೀನಿನಲ್ಲಿ. ಗುರುಗಳು ಜನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅರ್ಥ ಗೊತ್ತಿಲ್ಲದಿದ್ದರೂ ಉತ್ತರಗಳೆಲ್ಲ ಅಮ್ಮನಿಗೆ ಬಾಯಿಪಾಠ. 1962ರಿಂದ 65ರವರೆಗೆ ಲೋಕದ ಕಥೋಲಿಕ ಧರ್ಮಾಧ್ಯಕ್ಷರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯ ಮೇಲೆ ಪೂಜೆ ಜನರ ಭಾಷೆಗೆ ಬಂತು. ದೇವರ ಗಾಂಭೀರ್ಯವೇ ಹೋಯಿತು ಎಂದು ಆಗ ಬೇಸರಪಟ್ಟ ಹಿರಿಯರು ಇದ್ದರು. ಅಮ್ಮನಿಗೂ ಮೊದಮೊದಲು ಒಗ್ಗಲಿಲ್ಲವಂತೆ. ಆದರೆ ಕೊನೆಗಾಲದಲ್ಲಿ ಅಮ್ಮ ಹಾಸಿಗೆಯಲ್ಲಿ ಮಲಗಿದ್ದಾಗ ನಾನು ಕನ್ನಡದಲ್ಲಿ ಓದಿದ ಶುಭಸಂದೇಶ ಕೇಳಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಲತೀನಿನಲ್ಲಿ ಅವರು ಒಂದು ಪ್ರಶ್ನೆಯನ್ನೂ ಕೇಳಲು ಸಾಧ್ಯವಿರಲಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನವಾದ ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವ ವಿಧಿ ಇದೆ. ಗಂಡಸರ ಪಾದ ಮಾತ್ರ ಎಂದು ನಿಯಮ ಇತ್ತು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಮುಸ್ಲಿಂ ಹುಡುಗಿ. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಅದರಿಂದ ಪವಿತ್ರ ಗುರುವಾರಕ್ಕೆ ಏನೂ ಕಡಿಮೆ ಆಗಲಿಲ್ಲ.

ಇನ್ನೂ ದೊಡ್ಡದು ಒಂದಿದೆ. 2000ದ ಮಾರ್ಚ್ 12, ತಪಸ್ಸುಕಾಲದ ಮೊದಲ ಭಾನುವಾರ. ಪೋಪ್ ಎರಡನೇ ಜಾನ್ ಪಾಲ್ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ನಿಂತು, ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗೆ ದೇವರ ಕ್ಷಮೆ ಬೇಡಿದರು. ಸತ್ಯದ ಹೆಸರಿನಲ್ಲಿ ನಡೆದ ಹಿಂಸೆ, ಯೆಹೂದ್ಯರಿಗೆ ಆದ ಅನ್ಯಾಯ, ಹೆಂಗಸರಿಗೆ ಆದ ಅವಮಾನ ಎಲ್ಲ ಅದರಲ್ಲಿತ್ತು. ಅದಕ್ಕೂ ಮೊದಲು 1992ರಲ್ಲಿ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದ ಗೆಲಿಲಿಯೋಗೆ 1633ರಲ್ಲಿ ಶಿಕ್ಷೆ ಕೊಟ್ಟವರು ತಪ್ಪಿದ್ದರು ಎಂದು ಅವರೇ ಒಪ್ಪಿದ್ದರು. ಆ ವಯಸ್ಸಿನಲ್ಲಿ, ಅಷ್ಟು ದೊಡ್ಡ ಪೀಠದಲ್ಲಿ ಕೂತವರಿಗೆ ಇದು ಸಾಧ್ಯವಾಯಿತು. ಒಂದು ಕೂಸಿನ ತೊಟ್ಟಿಲ ಮುಂದೆ ನಮ್ಮ ಮಾತನ್ನು ತಿದ್ದಿಕೊಳ್ಳುವುದು ನಮಗೆ ಯಾಕೆ ಕಷ್ಟ ಆಗಬೇಕು?

ನಾನು ಪ್ರಾರ್ಥನೆಯ ವಿರೋಧಿ ಎಂದು ಯಾರೂ ತಿಳಿಯಬಾರದು. ಜಪಸರ ಇಲ್ಲದೆ ನಾನು ಯಾವತ್ತೂ ಡ್ಯೂಟಿಗೆ ಹೋದವಳಲ್ಲ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಎಲ್ಲ ಧರ್ಮದ ತಾಯಂದಿರ ಜೊತೆ ನಿಂತು ಪ್ರಾರ್ಥಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಪ್ರಾರ್ಥನೆ, ಇವರ ಕಣ್ಣು ಬರಲಿ ಎಂದಷ್ಟೇ ಇತ್ತು. ವರ್ಷ ಕಳೆದ ಹಾಗೆ ಅದು ಬದಲಾಯಿತು. ಡಾಕ್ಟರ ಕೈ ನಡುಗದಿರಲಿ, ನಾನು ಹನಿ ಹಾಕುವುದನ್ನು ಮರೆಯದಿರಲಿ, ಈ ತಾಯಿ ಮುಂದಿನ ತಿಂಗಳು ತಪಾಸಣೆಗೆ ಬರಲು ಬಸ್ ಚಾರ್ಜು ಹೊಂದಲಿ. ಕಣ್ಣು ಬಾರದ ಮಕ್ಕಳೂ ಇದ್ದರು. ಅವರಿಗೆ ಶಾಲೆ ಸಿಗಲಿ ಎಂದು ಕೇಳಿಕೊಂಡೆ. ನನ್ನ ನಂಬಿಕೆ ಹೀಗೆ ಬದಲಾದದ್ದರಿಂದ ಸಣ್ಣದಾಗಲಿಲ್ಲ.

ಆ ಅಧ್ಯಾಯದಲ್ಲಿ ಒಂದು ವಾಕ್ಯ ನನಗೆ ಇವತ್ತಿಗೂ ಸುಲಭವಾಗಿಲ್ಲ. ಇವನೂ ಅಲ್ಲ ಹೆತ್ತವರೂ ಅಲ್ಲ ಎಂದ ಮೇಲೆ, ದೇವರ ಕಾರ್ಯ ಇವನಲ್ಲಿ ಕಾಣಲಿ ಎಂದು ಹೀಗಾಯಿತು ಎಂದು ಯೇಸು ಹೇಳುತ್ತಾರೆ. ದೇವರ ಕಾರ್ಯ ಕಾಣುವುದಕ್ಕೆ ಒಬ್ಬ ಇಷ್ಟು ವರ್ಷ ಕತ್ತಲಲ್ಲಿ ಇರಬೇಕಾ ಎಂದು ಕೇಳುತ್ತಲೇ ಇರುತ್ತೇನೆ. ಉತ್ತರ ಸಿಕ್ಕಿದೆ ಎಂದು ಸುಳ್ಳು ಹೇಳಲಾರೆ. ಅದರ ಮುಂದಿನ ವಾಕ್ಯಕ್ಕೆ ಹೋಗುತ್ತೇನೆ. ಹಗಲಿರುವಾಗಲೇ ನಾವು ಕೆಲಸ ಮಾಡಬೇಕು, ರಾತ್ರಿ ಬರುತ್ತದೆ, ಆಗ ಯಾರೂ ಕೆಲಸ ಮಾಡಲಾರರು ಎಂದಿದೆ. ಆಮೇಲೆ ಅವರು ಸುಮ್ನೆ ನಿಲ್ಲಲಿಲ್ಲ, ಕೆಸರು ಕಲಸಿದರು. ಅಷ್ಟು ನನಗೆ ಅರ್ಥವಾಗುತ್ತದೆ.

ಆ ಹುಡುಗಿಯ ಅತ್ತೆಯ ಜೊತೆ ಅವತ್ತು ದೇವಾಲಯದ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಗೆ ಬಂದಾಗ ಮತ್ತೆ ಮಾತಾಡಿದೆವು. ವಿಭೂತಿ ಬುಧವಾರ ಕಳೆದ ಆ ಶುಕ್ರವಾರದ ಮೊದಲ ವಾಚನವೇ ಯೆಶಾಯನ 58ನೇ ಅಧ್ಯಾಯ. ನಾನು ಮೆಚ್ಚುವ ಉಪವಾಸ ಎಂಥದ್ದು, ಹೊರೆ ಹೊತ್ತವರ ನೊಗ ಬಿಚ್ಚುವುದಲ್ಲವೇ ಎಂದು ದೇವರು ಕೇಳುವ ಅಧ್ಯಾಯ ಅದು. ಅವರು ಎರಡು ಸಲ ಓದಿಸಿಕೊಂಡರು. “ಹಾಗಾದ್ರೆ ಅವಳು ಉಣ್ಣಲಿ, ಅಲ್ವಾ ಸಿಸ್ಟರ್?” ಎಂದು ಕೇಳಿದರು. ಸೋಮವಾರ ಅವರೇ ಸೊಸೆ ಮೊಮ್ಮಗುವನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ತೋರಿಸಿದ್ದಾರೆ. ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಆ ಮಗುವಿಗೆ ಎಷ್ಟು ದೃಷ್ಟಿ ಬರುತ್ತದೆ ಎಂದು ಈಗಲೇ ಯಾರೂ ಹೇಳಲಾರರು. ಮನೆಗೆ ಬಂದ ಆ ಪ್ರಾರ್ಥನೆಯವರ ಜೊತೆಗೂ ಮಾತಾಡಬೇಕು ಎಂದು ಹೇಳಿ ಕಳಿಸಿದ್ದೇನೆ. ಅವರು ಬಂದರೆ ಈ ಅಧ್ಯಾಯವನ್ನು ಜೊತೆಯಲ್ಲೇ ಕೂತು ಓದುವ ಆಸೆ ಇದೆ.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಕೋರಿಕೆ. ಇದು ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಎಲ್ಲ ಗುರುಗಳಿಗೆ, ಭಾನುವಾರ ವಾಚನ ಸಿದ್ಧ ಮಾಡುವವರಿಗೆ. ಮಾರ್ಚ್ 15ರ ಶುಭಸಂದೇಶಕ್ಕೆ ಎರಡು ರೂಪಗಳಿಗೆ ಅನುಮತಿ ಇದೆ. ದೊಡ್ಡದು ಅಧ್ಯಾಯ ಪೂರ್ತಿ, 41 ವಚನ. ಚಿಕ್ಕದರಲ್ಲಿ 1, 6ರಿಂದ 9, 13ರಿಂದ 17, 34ರಿಂದ 38 ಇಷ್ಟೇ. ಬೇಸಿಗೆಯ ಸೆಕೆ, ಜನ ನಿಂತು ಕೇಳಬೇಕು, ಪೂಜೆ ಉದ್ದ ಆಗುತ್ತದೆ ಎಂದು ಹಲವರು ಚಿಕ್ಕದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಚಿಕ್ಕದರಲ್ಲಿ ಎರಡು ಮತ್ತು ಮೂರನೇ ವಚನ ಇಲ್ಲ. ಪಾಪ ಮಾಡಿದ್ದು ಯಾರು ಎಂಬ ಪ್ರಶ್ನೆಯೂ ಇಲ್ಲ, ಯಾರೂ ಅಲ್ಲ ಎಂಬ ಉತ್ತರವೂ ಇಲ್ಲ. ಹೆದರಿದ ತಂದೆ ತಾಯಿಯೂ ಇಲ್ಲ. ಆದರೆ ನೀನು ಪಾಪದಲ್ಲೇ ಹುಟ್ಟಿದವನು ಎಂದು ಬೈಯುವ 34ನೇ ವಚನ ಮಾತ್ರ ಇದೆ. ದಯವಿಟ್ಟು ಈ ಸಲ ಪೂರ್ತಿ ಓದಿ. ವಯಸ್ಸಾದವರು ಕೂತು ಕೇಳಲಿ. ಹಾಡುಗಳಲ್ಲಿ ಒಂದೆರಡು ಚರಣ ಕಡಿಮೆ ಮಾಡಿದರೂ ಆದೀತು. ಪ್ರಬೋಧನೆಯಲ್ಲಿ ಆ ಮೂರನೇ ವಚನವನ್ನು ಹೆತ್ತವರ ಕಡೆ ನೋಡಿ ಇನ್ನೊಂದು ಸಲ ಹೇಳಿ. ಯಾವ ಬೆಂಚಿನಲ್ಲಿ ಯಾರು ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಇತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್,
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ